ಪ್ಲಾಟಿನಂ ಉಂಗುರದ ಬದಲು ಬಿಳಿ ಚಿನ್ನದ ಉಂಗುರ ಕೊಟ್ಟಿರುವ ಬಗ್ಗೆ ದೂರು

ವ್ಯವಸ್ಥಾಪಕರಿಗೆ,

ಮಾನ್ಯರೆ,

ನನ್ನ ಪಚ್ಚೆಯನ್ನು 950 ಪ್ಲಾಟಿನಂ, ಅಂದರೆ ನೂರಕ್ಕೆ 95 ಭಾಗ ಪ್ಲಾಟಿನಂ ಇರುವ ಉಂಗುರದಲ್ಲಿ, ಹರಳಿನ ಅಂಚನ್ನು ಲೋಹದ ಪಟ್ಟಿ ಸುತ್ತಲೂ ಆವರಿಸುವ ಬೆಜೆಲ್ ಕಟ್ಟಿನಲ್ಲಿ ಕೂರಿಸಿಕೊಡಬೇಕೆಂದು ತಮ್ಮ ಮಳಿಗೆಗೆ ಒಪ್ಪಿಸಿದ್ದೆ. ತಯಾರಾಗಿ ಬಂದದ್ದು, ನಾಲ್ಕು ಸಪೂರ ಕೊಂಡಿಗಳು ಹರಳಿನ ಮೂಲೆಗಳನ್ನು ಕಚ್ಚಿಕೊಂಡಿರುವ, ಒಳಬದಿಯಲ್ಲಿ 750 ಎಂಬ ಮುದ್ರೆಯುಳ್ಳ ಬಿಳಿ ಚಿನ್ನದ ಉಂಗುರ. ಗ್ರಾಹಕರ ಲಿಖಿತ ಸಮ್ಮತಿಯಿಲ್ಲದೆ ಲೋಹವನ್ನಾಗಲಿ ವಿನ್ಯಾಸವನ್ನಾಗಲಿ ಬದಲಿಸುವಂತಿಲ್ಲ ಎಂಬುದು ತಮ್ಮ ಆರ್ಡರ್ ನಮೂನೆಯ ಹಿಂಬದಿಯಲ್ಲೇ ಅಚ್ಚಾಗಿರುವುದರಿಂದ, ಅದನ್ನು ತಮಗೇ ಓದಿ ಹೇಳುವ ಅಧಿಕಪ್ರಸಂಗಕ್ಕೆ ನಾನು ಹೋಗುವುದಿಲ್ಲ.

ನಿಕ್ಕಲ್ ತಗುಲಿದರೆ ನನ್ನ ಚರ್ಮ ಕೆಂಪೇರಿ ತುರಿಸುತ್ತದೆ ಎಂಬುದನ್ನು ಅದೇ ನಮೂನೆಯಲ್ಲಿ ಬರೆಸಿದ್ದೆ. 750ರ ಬಿಳಿ ಚಿನ್ನದಲ್ಲಿ ನೂರಕ್ಕೆ 75 ಭಾಗ ಚಿನ್ನ. ಉಳಿದ 25 ಭಾಗದಲ್ಲಿ ನಿಕ್ಕಲ್ ಇದೆಯೋ ಪಲ್ಲಾಡಿಯಂ ಇದೆಯೋ ಎಂಬ ಪ್ರಶ್ನೆಗೆ ಇಂದಿಗೂ ಉತ್ತರ ಬಂದಿಲ್ಲ. ಮೇಲಿನ ಹೊಳಪು ರೋಡಿಯಂ ಲೇಪದ್ದು, ಬಳಸಿದಂತೆಲ್ಲ ಸವೆದು ಒಳಗಿನ ಲೋಹ ಚರ್ಮಕ್ಕೆ ತಗಲುವಂಥದ್ದು. ಇನ್ನು ಪಚ್ಚೆ, ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಹತ್ತಕ್ಕೆ 7.5ರಿಂದ 8ರಷ್ಟು ಗಡಸಾಗಿದ್ದರೂ, ಸಾಮಾನ್ಯವಾಗಿ ಒಳಬಿರುಕುಗಳನ್ನು ಹೊತ್ತೇ ನೆಲದಿಂದ ಬರುವ ಹರಳು. ಮೂಲೆಗೆ ಪೆಟ್ಟು ಬಿದ್ದರೆ ಚಕ್ಕೆ ಏಳಬಹುದೆಂದು ಹೇಳಿ ಬೆಜೆಲ್ ಕಟ್ಟನ್ನು ಸೂಚಿಸಿದವರು ತಮ್ಮ ವಿನ್ಯಾಸಗಾರರೇ.

ಉಂಗುರ ಕೈಗೆ ಬಂದಾಗಲೇ ಹಗುರವೆನಿಸಿತು. ಅದೇ ಅಳತೆಯ ಪ್ಲಾಟಿನಂ ಉಂಗುರ ಎದ್ದು ಕಾಣುವಷ್ಟು ಭಾರವಿರುತ್ತದೆ. ಮುದ್ರೆ ಓದಲು ಭೂತಗನ್ನಡಿ ಕೇಳಿದ್ದಕ್ಕೆ ತಮ್ಮ ಸಿಬ್ಬಂದಿ, "ಅದನ್ನು ಹಿಡಿಯೋದಕ್ಕೂ ಅಭ್ಯಾಸ ಬೇಕು ಮೇಡಂ" ಎಂದರು. ಕನ್ನಡಕ ಸರಿಪಡಿಸಿಕೊಂಡು ನಾನೇ ಓದಿ, 750 ಎಂದಿದೆಯಲ್ಲ ಎಂದಾಗ, "ಎರಡೂ ಬಿಳೀನೇ ಅಲ್ವಾ, ಬೆರಳಿಗೆ ಹಾಕಿದ ಮೇಲೆ ಯಾರು ನೋಡ್ತಾರೆ?" ಎಂದು ಕೇಳಿದರು. ನಾನು ಸುಮ್ಮನಾಗದ್ದರಿಂದ ಅವರು ಉಂಗುರವನ್ನು ತಮ್ಮ ಕಿರುಬೆರಳಿಗೆ ಏರಿಸಿ, ಕೈಯನ್ನು ದೀಪದ ಕೆಳಗೆ ಹಿಡಿದು, ಪಕ್ಕದಲ್ಲಿ ಕುಳಿತಿದ್ದ ಗ್ರಾಹಕರನ್ನು "ಇದು ಯಾವ ಲೋಹ ಹೇಳಿ ನೋಡೋಣ" ಎಂದು ವಿಚಾರಿಸಿದರು. ಒಬ್ಬರು ಬೆಳ್ಳಿ ಎಂದರು. ಎಲ್ಲರೂ ನಕ್ಕರು, ತಮ್ಮ ನಗದು ಗುಮಾಸ್ತರೂ ಸೇರಿ. ಆ ಅಭಿಪ್ರಾಯವನ್ನು ತಮ್ಮ ಕಾರ್ಯಾಗಾರಕ್ಕೆ ತಲುಪಿಸಿದ್ದರೆ ಮುಂದಿನ ಗ್ರಾಹಕರ ಪ್ಲಾಟಿನಂ ಇನ್ನೂ ಅಗ್ಗದಲ್ಲಿ ಮುಗಿಯಬಹುದು.

ಉಂಗುರವನ್ನು ಅಲ್ಲಿಯೇ ಬಿಟ್ಟು, ರಸೀದಿ ಪಡೆದು ಬಂದೆ. ಆಮೇಲಿನ ಕರೆಗಳಿಗೆಲ್ಲ "ಮೇಲಿನವರಿಗೆ ತಿಳಿಸಿದ್ದೇವೆ" ಎಂಬ ಉತ್ತರವೇ ಬಂತು. ನಿನ್ನೆ ಆ ಮೇಲಿನವರು ಕೊನೆಗೂ ಸಂದೇಶ ಕಳುಹಿಸಿದ್ದಾರೆ: ಗ್ರಾಹಕರು ಮನಸ್ಸು ಬದಲಾಯಿಸಿರುವುದರಿಂದ ಲೋಹ ಬದಲಾವಣೆಯ ಕೂಲಿಯನ್ನು ಅವರೇ ಭರಿಸತಕ್ಕದ್ದು ಎಂದು. ನನ್ನ ಮನಸ್ಸು ನಮೂನೆಯಲ್ಲಿ ಬರೆದದ್ದರಿಂದ ಒಂದಕ್ಷರವೂ ಬದಲಾಗಿಲ್ಲ, ಬದಲಾದದ್ದು ಲೋಹ.

ಈಗ ತಮ್ಮಿಂದ ನನಗೆ ಪ್ಲಾಟಿನಂ ಉಂಗುರವೂ ಬೇಡ. ಪಾವತಿಸಿದ ಪೂರ್ಣ ಮೊತ್ತವನ್ನೂ, ನನ್ನ ಸಮ್ಮುಖದಲ್ಲಿ ಬಿಡಿಸಿದ ಹರಳನ್ನೂ ಕೂಡಲೇ ಹಿಂದಿರುಗಿಸಿ. ಅಲ್ಲಿಯವರೆಗೆ ಹರಳಿಗೆ ಬೆಂಕಿಯಾಗಲಿ, ಆಭರಣ ತೊಳೆಯುವ ಅಲ್ಟ್ರಾಸಾನಿಕ್ ತೊಟ್ಟಿಯಾಗಲಿ ಸೋಕಕೂಡದು; ಬಿರುಕುಗಳು ಎದ್ದು ಕಾಣದಿರಲೆಂದು ಅವುಗಳಲ್ಲಿ ತುಂಬಿರುವ ಎಣ್ಣೆ ಹೊರಬಂದರೆ ಏನಾಗುತ್ತದೆ ಎಂಬುದು ತಮಗೆ ತಿಳಿಯದ ವಿಷಯವಲ್ಲ. ಹರಳನ್ನು ತಮಗೊಪ್ಪಿಸುವ ಮೊದಲು ಪಡೆದ ಪ್ರಯೋಗಾಲಯದ ವರದಿ ನನ್ನ ಬಳಿ ಇದೆ. ಅದೇ ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷಿಸಿದಾಗ ಹೊಸ ಬಿರುಕೊಂದು ಕಂಡರೂ, ನಮೂನೆ, ರಸೀದಿ, ನಿನ್ನೆಯ ಸಂದೇಶ ಮೂರನ್ನೂ ಲಗತ್ತಿಸಿ ಗ್ರಾಹಕ ನ್ಯಾಯಾಲಯದಲ್ಲಿ ಹರಳಿನ ಬೆಲೆಗೂ ಆ ದಿನದ ಅವಮಾನಕ್ಕೂ ಪರಿಹಾರ ಕೇಳುತ್ತೇನೆ. ತಮ್ಮ ಸಿಬ್ಬಂದಿಗೆ ಅಲ್ಲಿಯೂ ಕಿರುಬೆರಳು ತೋರಿಸುವ ಅವಕಾಶ ದೊರೆಯಲಿ.

ಇತಿ,
ತಮ್ಮ ಮಾಜಿ ಗ್ರಾಹಕಿ