ದೂರು: ಸಿಮೆಂಟಿಂಗ್ ಲೈನಿಗೆ ತಪ್ಪು ಯೂನಿಯನ್ (ಪೈಪು ಜೋಡಿಸುವ ನಟ್) ಹಾಕಿದ್ದು, ಕೆಲಸ ನಿಲ್ಲಿಸಿದವನನ್ನು ಅವಮಾನಿಸಿದ್ದು

ಇವರಿಗೆ,
ಸುರಕ್ಷತಾ ವಿಭಾಗದ ಮುಖ್ಯಸ್ಥರು,
ಬಾವಿ ಸಿಮೆಂಟಿಂಗ್ ಸೇವಾ ಕಂಪನಿ

ಮಾನ್ಯರೇ,

ಫೋನಿನಲ್ಲಿ ಹೇಳಿದ್ದಾಯಿತು, ಮೇಲ್ ಕಳಿಸಿದ್ದೂ ಆಯಿತು. "ಯಾವುದೇ ಅಪಘಾತ ನಡೆದಿಲ್ಲ, ಆದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ" ಎಂದು ನೀವು ಉತ್ತರ ಕಳಿಸಿದ್ದೀರಿ. ಅದನ್ನು ಓದಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ನಾನು ಬಾವಿ ಕೊರೆಯುವ ರಿಗ್ಗಿನ ಫ್ಲೋರಿನಲ್ಲಿ ಕೆಲಸ ಮಾಡುವವನು. ಅವತ್ತು ಬಾವಿಗೆ ಕೇಸಿಂಗ್ (ಉಕ್ಕಿನ ಕೊಳವೆ) ಇಳಿಸಿ ಆಗಿತ್ತು, ಅದರ ಸುತ್ತ ಸಿಮೆಂಟ್ ತುಂಬುವುದಿತ್ತು. ನಿಮ್ಮವರು ಪಂಪಿನಿಂದ ಕೇಸಿಂಗಿನ ತಲೆಗೆ ಕೂರಿಸಿದ ಸಿಮೆಂಟ್ ಹೆಡ್ಡಿಗೆ ಲೈನ್ ಜೋಡಿಸಿ, ಪ್ರೆಷರ್ ಟೆಸ್ಟಿಗೆ ತಯಾರಾಗಿದ್ದರು. ಎರಡು ಇಂಚಿನ ಒಂದು ಯೂನಿಯನ್ ಯಾಕೋ ಸರಿ ಕಾಣಲಿಲ್ಲ. ನಟ್ ಮೇಲೆ ದಪ್ಪ ಬಣ್ಣ ಬಳಿದಿತ್ತು. ವೈರ್ ಬ್ರಷ್‌ನಿಂದ ಉಜ್ಜಿದೆ. 602 ಎಂಬ ಅಚ್ಚು ಕಾಣಿಸಿತು. ಅದು ಕೂತಿದ್ದ ತುದಿ 1502. ಅಂದರೆ ಎರಡೂ ಬೇರೆ ಬೇರೆ ಒತ್ತಡಕ್ಕೆ ಮಾಡಿದವು.

ಕೈ ಎತ್ತಿ "ನಿಲ್ಲಿಸಿ" ಎಂದೆ. ನಿಮ್ಮ ಸೂಪರ್‌ವೈಸರ್ ಪಂಪ್ ಬಿಟ್ಟು ಇಳಿದು ಬಂದರು. "ಓದೋಕೆ ಬರುತ್ತಾ? ಜೋರಾಗಿ ಓದು, ಎಲ್ಲರಿಗೂ ಕೇಳಲಿ" ಎಂದರು. ಓದಿದೆ. "ಇನ್ನೊಂದು ಕಡೆ?" ಅದನ್ನೂ ಓದಿದೆ. "ನಟ್ ಹಿಡಿದಿದೆ ಅಲ್ವಾ? ಸುತ್ತಿಗೆ ಹೊಡೆದರೆ ಬಿಗಿ ಆಗಿದೆ ಅಲ್ವಾ? ಮತ್ತೇನು ನಿನ್ನ ಗೋಳು?" ಅವರ ಹುಡುಗರು ನಕ್ಕರು. ಗೇಜ್ ಕೊಡಿ, ಅಳೆದು ನೋಡೋಣ ಎಂದೆ. ಗೇಜ್ ತಂದೇ ಇರಲಿಲ್ಲ. "ರಿಗ್ಗಿನ ಬಾಡಿಗೆ ನಿಮ್ಮಪ್ಪ ಕಟ್ತಾನಾ? ಹೆದರಿಕೆ ಆದ್ರೆ ಕ್ಯಾಂಪಿಗೆ ಹೋಗಿ ಮಲಗು" ಎಂದರು. ಇಷ್ಟು ಹೊತ್ತೂ ಹೆಲ್ಪರ್ ಹುಡುಗನೊಬ್ಬ ಅದೇ ಯೂನಿಯನ್ ಪಕ್ಕದಲ್ಲಿ ಸುತ್ತಿಗೆ ಹಿಡಿದು ನಿಂತಿದ್ದ. ಕೊನೆಗೆ ನಮ್ಮ ಟೂಲ್‌ಪುಷರ್ (ರಿಗ್ಗಿನ ಮೇಲ್ವಿಚಾರಕರು) ಬಂದು ಆ ಯೂನಿಯನ್ ಬಿಚ್ಚಿಸಿದರು. ಅಪಘಾತ ನಡೆಯದೇ ಇದ್ದದ್ದು ಅದಕ್ಕೆ.

602 ತಾಳುವುದು 6,000 ಪಿಎಸ್‌ಐ ಒತ್ತಡ, 1502 ತಾಳುವುದು 15,000. ಇದು ನಿಮಗೆ ಗೊತ್ತು. ಇವೆರಡನ್ನೂ ಬೆರೆಸಿದರೆ ನಟ್ ಹಿಡಿದ ಹಾಗೆ ಕಾಣುತ್ತದೆ, ಬಿಗಿಯೂ ಆಗುತ್ತದೆ. ಥ್ರೆಡ್ ಪೂರ್ತಿ ಕಚ್ಚಿರುವುದಿಲ್ಲ ಅಷ್ಟೇ. ಪ್ರೆಷರ್ ಏರಿದಾಗ ಕಿತ್ತು ಹಾರುತ್ತದೆ, ಎದುರಿಗಿದ್ದವನು ಬದುಕುವುದಿಲ್ಲ. ಹೀಗೆ ಜನ ಸತ್ತಿದ್ದಾರೆ. "ಹಿಡಿದಿದೆ ಅಲ್ವಾ" ಎಂದು ಸೂಪರ್‌ವೈಸರೇ ಕೇಳಿದರೆ ಆ ಹುಡುಗರಿಗೆ ಕಲಿಸುವವರು ಯಾರು?

ಇನ್ನೊಂದು ವಿಷಯ. 110 ಡಿಗ್ರಿ ಸೆಲ್ಸಿಯಸ್ ದಾಟುವ ಬಾವಿಗೆ ಸಿಮೆಂಟಿನ ಜೊತೆ ಸಿಲಿಕಾ ಪುಡಿ ಬೆರೆಸುತ್ತೀರಿ. ಅದರ ಚೀಲ ಕತ್ತರಿಸುವವರ ಮುಖಕ್ಕೆ ಬಟ್ಟೆಯ ಮಾಸ್ಕ್. ಆ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗುವ ಕಾಯಿಲೆ ಅಲ್ಲ.

ಅಪಾಯ ಕಂಡರೆ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು ಎಂದು ನೀವೇ ಕಾರ್ಡ್ ಮಾಡಿ ಹಂಚಿದ್ದೀರಿ. ನಾನು ಮಾಡಿದ್ದು ಅದನ್ನೇ. ಸೂಪರ್‌ವೈಸರ್ ಎಲ್ಲರ ಎದುರು ಕ್ಷಮೆ ಕೇಳಬೇಕು. ಎರಡು ಇಂಚಿನ 602 ಯೂನಿಯನ್ ಒಂದೂ ನಿಮ್ಮ ಲಾರಿಯಲ್ಲಿ ಉಳಿಯಬಾರದು. ಗೇಜ್ ಇಲ್ಲದೆ ಲೈನ್ ಜೋಡಿಸಬಾರದು.

ಆ ನಟ್ಟಿನ ಫೋಟೋ ನನ್ನ ಬಳಿ ಇದೆ. ಅದು ಈ ಪತ್ರದ ಜೊತೆ ಬಾವಿಯ ಮಾಲೀಕ ಕಂಪನಿಗೂ, ಸುರಕ್ಷತಾ ತನಿಖಾಧಿಕಾರಿಗಳಿಗೂ, ನಮ್ಮ ಕಾರ್ಮಿಕ ಸಂಘಕ್ಕೂ ಇವತ್ತೇ ಹೋಗುತ್ತಿದೆ. ನಿಮ್ಮ ತಂಡ ಮತ್ತೆ ನಮ್ಮ ರಿಗ್ಗಿಗೆ ಬಂದರೆ ಒಂದೊಂದು ಯೂನಿಯನ್ನನ್ನೂ ನಾನೇ ಉಜ್ಜಿ ನೋಡುತ್ತೇನೆ. ಅಚ್ಚು ಕಾಣದಿದ್ದರೆ ಪಂಪ್ ಶುರುವಾಗಲು ಬಿಡುವುದಿಲ್ಲ.

ಇಂತಿ,
ರಿಗ್ ಫ್ಲೋರ್ ಕಾರ್ಮಿಕ