ಮುಖವಾಡ ಕುರ್ಚಿಯ ಮೇಲೆ ಉಳಿದ ಮೇಲೆ

ಪ್ರೀತಿಯ ತಂಗಿ,

‘ಲವ್ ನೆವರ್ ಡೈಸ್’ ಎಂಬ ಸಂಗೀತ ನಾಟಕದ ಬಗ್ಗೆ ನೀನು ಬರೆದ ಲೇಖನದ ಕರಡನ್ನು ಎರಡು ಸಲ ಓದಿದೆ. ಅದರ ಮೊದಲ ಭಾಗವಾದ, ಆಂಡ್ರ್ಯೂ ಲಾಯ್ಡ್ ವೆಬರ್ ಸಂಗೀತದ ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ ಮೇಲೆ ನಿನಗಿರುವ ಪ್ರೀತಿ ಸಾಲುಸಾಲಿನಲ್ಲೂ ಕಾಣುತ್ತದೆ. ಎರಡನೇ ಭಾಗದ ಮಾತು ಬಂದ ಕೂಡಲೇ ಮಾತ್ರ ನಿನ್ನ ಬರಹ ತಕ್ಕಡಿ ಹಿಡಿದು ಕೂತುಬಿಡುತ್ತದೆ. ಸಂಗೀತ ಚೆನ್ನಾಗಿದೆ, ಕಥೆ ಚೆನ್ನಾಗಿಲ್ಲ. ಸೆಟ್ ಚೆನ್ನಾಗಿದೆ, ನಾಯಕಿ ಕ್ರಿಸ್ಟೀನಳ ಗಂಡ ರಾವುಲ್‌ನ ಪಾತ್ರ ಚೆನ್ನಾಗಿಲ್ಲ. ಹೀಗೆ ತೂಗಿ ಕೊಟ್ಟರೆ ನಿನ್ನ ಸಂಕಟ ಓದುಗರಿಗೆ ತಲುಪುವುದಿಲ್ಲ. ಒಂದೇ ಹಾಡಿನಲ್ಲಿ ಕಿವಿ ಒಪ್ಪಿ ಮನಸ್ಸು ಒಪ್ಪದೆ ನಿಲ್ಲುತ್ತದಲ್ಲ, ಆ ಜಾಗವನ್ನು ಬೆರಳಿಟ್ಟು ತೋರಿಸಬೇಕು. ಅದಕ್ಕೆ ಏನೇನು ಮಾಡಬೇಕೋ ಅದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಮೊದಲು ಒಂದು ತಪ್ಪು. ಬಲ್ಲವರು ಅದನ್ನು ಮೊದಲ ಪ್ಯಾರಾದಲ್ಲೇ ಹಿಡಿಯುತ್ತಾರೆ. ‘ಲಂಡನ್ ಪ್ರದರ್ಶನ’ ಎಂದು ಬರೆದು ನೀನು ವರ್ಣಿಸಿರುವುದು ಮೆಲ್ಬೋರ್ನಿನದನ್ನು. ಈ ನಾಟಕಕ್ಕೆ ಕನಿಷ್ಠ ಮೂರು ರೂಪಗಳಿವೆ. 2010ರ ಮಾರ್ಚ್ 9ರಂದು ಲಂಡನ್ನಿನ ಅಡೆಲ್ಫಿ ಥಿಯೇಟರಿನಲ್ಲಿ ಜ್ಯಾಕ್ ಓಬ್ರಯನ್ ನಿರ್ದೇಶನದಲ್ಲಿ ಶುರುವಾದದ್ದು ಒಂದು. ಅದರ ಆರಂಭ ನ್ಯೂಯಾರ್ಕಿನ ಮೋಜಿನ ತಾಣವಾಗಿದ್ದು ಹಾಳುಬಿದ್ದ ಕೋನಿ ಐಲ್ಯಾಂಡಿನಲ್ಲಿ, ಆಪೆರಾದ ನೃತ್ಯಶಿಕ್ಷಕಿಯಾಗಿದ್ದ ಮದಾಮ್ ಜಿರಿಯ ನೆನಪಿನಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಕೆಲವು ದಿನ ಪ್ರದರ್ಶನ ನಿಲ್ಲಿಸಿ, ದೃಶ್ಯಗಳ ಕ್ರಮ ಬದಲಿಸಿ, ಮೊದಲ ನಾಟಕಕ್ಕೆ ಸಾಹಿತ್ಯ ಬರೆದಿದ್ದ ಚಾರ್ಲ್ಸ್ ಹಾರ್ಟ್ ಅವರ ಕೈಯಲ್ಲಿ ಕೆಲವು ಸಾಲು ತಿದ್ದಿಸಿ ಮತ್ತೆ ಶುರು ಮಾಡಿದ್ದು ಎರಡನೆಯದು. ಅದು 2011ರ ಆಗಸ್ಟ್ 27ಕ್ಕೆ ಮುಗಿಯಿತು. 2011ರ ಮೇ ತಿಂಗಳಲ್ಲಿ ಮೆಲ್ಬೋರ್ನಿನ ರೀಜೆಂಟ್ ಥಿಯೇಟರಿನಲ್ಲಿ ಸೈಮನ್ ಫಿಲಿಪ್ಸ್ ಹೊಸದಾಗಿ ಕಟ್ಟಿದ್ದು ಮೂರನೆಯದು. ಚಿತ್ರೀಕರಣಗೊಂಡು ಡಿವಿಡಿಯಾಗಿ ನಮಗೆ ಸಿಗುವುದು ಇದೇ. ಇದರಲ್ಲಿ ತೆರೆ ಎದ್ದ ಕೂಡಲೇ, ವಿಕಾರ ಮುಖವನ್ನು ಮುಖವಾಡದಲ್ಲಿ ಮುಚ್ಚಿಕೊಂಡ ಫ್ಯಾಂಟಮ್ ಒಬ್ಬನೇ ನಿಂತು ‘ಟಿಲ್ ಐ ಹಿಯರ್ ಯು ಸಿಂಗ್’ ಹಾಡುತ್ತಾನೆ. ಇದು ಸಣ್ಣ ವ್ಯತ್ಯಾಸ ಅಂದುಕೊಳ್ಳಬೇಡ. ಮುದುಕಿಯ ನೆನಪಿನಿಂದ ಶುರುವಾದರೆ ನಾವು ಕಥೆಯನ್ನು ದೂರದಿಂದ ನೋಡುತ್ತೇವೆ. ಕ್ರಿಸ್ಟೀನಳಿಗಾಗಿ ಅವನು ಪಡುವ ಹಂಬಲದಿಂದಲೇ ಶುರುವಾದರೆ ಮೊದಲ ಐದು ನಿಮಿಷದಲ್ಲೇ ಅವನ ಪಕ್ಷ ವಹಿಸಿರುತ್ತೇವೆ, ಆಮೇಲೆ ರಾವುಲ್ ಕುಡಿದು ಬಂದಾಗ ಅವನಿಗೆ ನ್ಯಾಯ ಸಿಗುವುದು ಕಷ್ಟ. ಯಾವ ರೂಪ ನೋಡಿದೆ ಎಂದು ಲೇಖನದ ಎರಡನೇ ಪ್ಯಾರಾದೊಳಗೆ ಹೇಳಿಬಿಡು.

ಇನ್ನು ಕೆಲಸದ ಕ್ರಮ. ಎರಡನೇ ಭಾಗವನ್ನು ಮತ್ತೆ ಹಾಕುವ ಮೊದಲು ಮೊದಲನೆಯದರ ಕೊನೆಯ ಇಪ್ಪತ್ತು ನಿಮಿಷ ನೋಡು. 2011ರ ಅಕ್ಟೋಬರಿನಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ 25ನೇ ವರ್ಷದ ಪ್ರದರ್ಶನದ ವಿಡಿಯೊ ಆದರೆ ಇನ್ನೂ ಒಳ್ಳೆಯದು. ಅದರ ಫ್ಯಾಂಟಮ್ ರಮಿನ್ ಕರೀಮ್ಲು, ಕ್ರಿಸ್ಟೀನ್ ಸಿಯೆರಾ ಬೋಗೆಸ್. ಅಡೆಲ್ಫಿಯಲ್ಲಿ ಎರಡನೇ ಭಾಗದ ಅದೇ ಪಾತ್ರಗಳನ್ನು ಮಾಡಿದ್ದೂ ಇವರಿಬ್ಬರೇ, 2010ರ ಧ್ವನಿಮುದ್ರಣದಲ್ಲಿ ಹಾಡಿರುವುದೂ ಇವರೇ. ಎರಡನ್ನೂ ಒಂದೇ ಸಂಜೆ ಪಕ್ಕಪಕ್ಕ ಕೇಳು. ಕಂಠ ಒಂದೇ ಆದ್ದರಿಂದ, ನಿನಗೆ ಕೇಳಿಸುವ ವ್ಯತ್ಯಾಸ ಬರವಣಿಗೆಯಲ್ಲೇ ಇದೆ ಎಂದು ಧೈರ್ಯವಾಗಿ ಹೇಳಬಹುದು.

ಆ ಇಪ್ಪತ್ತು ನಿಮಿಷ ಮುಗಿದ ಮೇಲೆ ಒಂದು ಹಾಳೆಯನ್ನು ನಡುವೆ ಮಡಚಿ, ಎಡಕ್ಕೆ ನಾಟಕ ಮುಚ್ಚಿದ ಬಾಗಿಲುಗಳನ್ನೂ ಬಲಕ್ಕೆ ತೆರೆದಿಟ್ಟವನ್ನೂ ಬರೆ. ಫ್ಯಾಂಟಮ್ ಕ್ರಿಸ್ಟೀನಳನ್ನೂ ರಾವುಲ್‌ನನ್ನೂ ಬಿಟ್ಟು ಕಳಿಸುತ್ತಾನೆ, ಅವಳು ಮರಳಿ ಬಂದು ಉಂಗುರ ಕೊಟ್ಟು ಹೋಗುತ್ತಾಳೆ, ಇವು ಎಡಕ್ಕೆ. ಅವನು ಕುರ್ಚಿಯಲ್ಲಿ ಕೂತು ನಿಲುವಂಗಿ ಹೊದ್ದುಕೊಳ್ಳುತ್ತಾನೆ, ಮದಾಮ್ ಜಿರಿಯ ಮಗಳು ಮೆಗ್ ಬಂದು ಅದನ್ನು ಎಳೆದರೆ ಮುಖವಾಡ ಮಾತ್ರ ಉಳಿದಿರುತ್ತದೆ. ಅವನು ಎಲ್ಲಿ ಹೋದ ಎಂಬುದು ಬಲಕ್ಕೆ. ನಾಟಕದ ಆರಂಭದಲ್ಲಿ ನಡೆಯುವ, ಆಪೆರಾದ ಹಳೆಯ ಸಾಮಾನುಗಳ ಹರಾಜಿನಲ್ಲೂ ಈ ಪ್ರಕರಣ ಪೂರ್ತಿ ಬಗೆಹರಿಯಲೇ ಇಲ್ಲ ಎಂದು ಹರಾಜುಗಾರನೇ ಹೇಳುತ್ತಾನೆ. ಹಾಗಾಗಿ ‘ಸೀಕ್ವೆಲ್ ಬೇಕೇ ಇರಲಿಲ್ಲ’ ಎಂಬ ನಿನ್ನ ವಾಕ್ಯವನ್ನು ತೆಗೆದುಬಿಡು. ಬಲಗಡೆಯ ಬಾಗಿಲಿನಿಂದ ಒಳಗೆ ಬಂದರೆ ಯಾರೂ ತಪ್ಪು ಹೇಳಲಾಗದು. ಎಡಗಡೆಯದನ್ನು ಒಡೆದಾಗಲೇ ನಿನ್ನಂಥ ಅಭಿಮಾನಿಗೆ ನೋವಾಗುವುದು.

ಒಡೆದದ್ದು ಎಲ್ಲಿ ಎಂದರೆ ‘ಬಿನೀತ್ ಎ ಮೂನ್‌ಲೆಸ್ ಸ್ಕೈ’ ಹಾಡಿನಲ್ಲಿ. ನಿನ್ನ ಕರಡಿನಲ್ಲಿ ಇದಕ್ಕೆ ಎರಡೇ ಸಾಲು ಸಿಕ್ಕಿದೆ, ಕನಿಷ್ಠ ಮುನ್ನೂರು ಪದ ಕೊಡು. ಮದುವೆಯ ಹಿಂದಿನ ರಾತ್ರಿ ಕ್ರಿಸ್ಟೀನ್ ಅವನನ್ನು ಹುಡುಕಿಕೊಂಡು ಹೋಗಿದ್ದಳು, ಬೆಳಗಾಗುವ ಮೊದಲೇ ಅವನು ನಾಚಿ ಎದ್ದು ಹೋದ ಎಂಬುದು ಇಲ್ಲಿ ಹೊರಬೀಳುತ್ತದೆ. ಕ್ರಿಸ್ಟೀನ್ ಹೆತ್ತ ಹುಡುಗ ಗುಸ್ತಾವ್ ನಿಜವಾಗಿ ಯಾರ ಮಗ ಎಂಬುದು ಆಮೇಲೆ ಇದರಿಂದಲೇ ತಿಳಿಯುತ್ತದೆ. ಈಗ ಮೊದಲ ನಾಟಕಕ್ಕೆ ಏನಾಯಿತು ನೋಡು. ಕೊಲೆ ಮಾಡಿದ, ಬೆದರಿಸಿದ, ಹುಡುಗಿಯನ್ನು ಹೊತ್ತೊಯ್ದ ಆ ಮನುಷ್ಯ ಇಡೀ ಕಥೆಯಲ್ಲಿ ಮಾಡಿದ ಒಂದೇ ದೊಡ್ಡ ಕೆಲಸ ಅವಳನ್ನು ಬಿಟ್ಟುಕೊಟ್ಟದ್ದು. ಆಮೇಲೆ ಅವಳೇ ಬಂದಿದ್ದಳು, ಇವನೇ ಓಡಿಹೋಗಿದ್ದ ಎಂದಾದರೆ ಆ ತ್ಯಾಗ ಕೊನೆಯ ಮಾತಾಗಿ ಉಳಿಯುವುದಿಲ್ಲ. ಇಷ್ಟಾದರೂ ಆ ಯುಗಳಗೀತೆ ಶುರುವಾದರೆ ಕೈ ತಾನಾಗಿ ಧ್ವನಿ ಜಾಸ್ತಿ ಮಾಡುತ್ತದೆ. ಎರಡು ಕಂಠಗಳು ಒಬ್ಬರ ವಾಕ್ಯವನ್ನು ಇನ್ನೊಬ್ಬರು ಮುಗಿಸುತ್ತ ಏರುವ ರೀತಿಯಲ್ಲಿ, ಹತ್ತು ವರ್ಷ ಅದುಮಿಟ್ಟ ಮಾತು ಬಾಯಿಬಿಟ್ಟಂತಿದೆ. ನಿನ್ನ ಇಬ್ಬಗೆಯ ಮನಸ್ಸು ಇರುವುದು ಇಲ್ಲೇ, ತಂಗಿ. ‘ಪಾತ್ರಕ್ಕೆ ಅನ್ಯಾಯ’ ಎಂದು ತೀರ್ಪು ಬರೆದು ಮುಂದೆ ಹೋಗಬೇಡ. ಯಾವ ಅರ್ಥ ಕಳೆದುಹೋಯಿತು, ಕಳೆದುಹೋಗುತ್ತಿದ್ದಾಗಲೂ ಕಿವಿ ಏಕೆ ಸೋತಿತು, ಎರಡನ್ನೂ ಒಂದೇ ಪ್ಯಾರಾದಲ್ಲಿ ಇಡು.

ರಾವುಲ್ ಬಗ್ಗೆ ನಿನಗೆ ಎರಡು ದೂರುಗಳಿವೆ, ಅವನ್ನು ಬೆರೆಸಿಬಿಟ್ಟಿದ್ದೀಯ. ಒಂದು ವಯಸ್ಸಿನ ಲೆಕ್ಕ. ಮೊದಲ ನಾಟಕದ ಹರಾಜು ನಡೆಯುವುದು 1905ರಲ್ಲಿ, ಗಾಲಿಕುರ್ಚಿಯಲ್ಲಿ ಬರುವ ರಾವುಲ್‌ಗೆ ಆಗ 70 ವರ್ಷ. ಎರಡನೆಯದು ನಡೆಯುವುದು 1907ರಲ್ಲಿ, ಹಳೆಯ ಘಟನೆಗಳಾಗಿ ಹತ್ತೇ ವರ್ಷ, ರಾವುಲ್ ಇನ್ನೂ ನಡುವಯಸ್ಸಿನವನು. ಇದು ಹೊಂದುವುದಿಲ್ಲ, ನಿಜ. ಒಂದು ವಾಕ್ಯದಲ್ಲಿ ಹೇಳಿ ಬಿಡು. ಲೆಕ್ಕ ತಪ್ಪಿದ್ದಕ್ಕೆ ಯಾರ ಕಣ್ಣಲ್ಲೂ ನೀರು ಬರುವುದಿಲ್ಲ. ನೋವಿರುವುದು ಇನ್ನೊಂದರಲ್ಲಿ. ಹರಾಜಿನಲ್ಲಿ 665ನೇ ವಸ್ತುವಾದ ಕೋತಿಯ ಸಂಗೀತ ಪೆಟ್ಟಿಗೆಯನ್ನು ಕೊಂಡು, ಕ್ರಿಸ್ಟೀನ್ ಹೇಳಿದ್ದ ಹಾಗೆಯೇ ಇದೆ ಎಂದು ನೋಡುತ್ತ ಕೂರುವ ಮುದುಕ ಅವನು. ಅವನು ಕುಡುಕ, ಜೂಜುಕೋರ ಆಗಬಾರದೆಂದೇನಿಲ್ಲ, ಬದುಕಿನಲ್ಲಿ ಹಾಗೂ ಆಗುತ್ತದೆ. ಆದರೆ ಅವನು ಕೆಟ್ಟದ್ದೆಲ್ಲ ನಮಗೆ ಕಾಣದ ಆ ಹತ್ತು ವರ್ಷಗಳಲ್ಲಿ. ವೇದಿಕೆಯ ಮೇಲೆ ತನ್ನ ಮನಸ್ಸು ಬಿಚ್ಚಲು ಅವನ ಪಾಲಿಗೆ ಬರುವುದು ಮದ್ಯದಂಗಡಿಯ ‘ವೈ ಡಸ್ ಶಿ ಲವ್ ಮಿ’ ಎಂಬ ಒಂದು ಹಾಡು. ಅಷ್ಟು ದೂರ ಇಳಿದವನಿಗೆ ಅದೊಂದೇ ಮೆಟ್ಟಿಲು ಸಾಲದು.

ಮೆಗ್ ಬಗ್ಗೆ ನೀನು ಸ್ವಲ್ಪ ಆತುರಪಟ್ಟಿದ್ದೀಯ. ಕೊನೆಯಲ್ಲಿ ಅವಳ ಕೈಗೆ ಪಿಸ್ತೂಲು ಬಂದದ್ದು ಎಲ್ಲಿಂದಲೋ ಉದುರಿದ ಹಾಗಿದೆ ಎನ್ನುತ್ತೀಯ. ಅವಳು ಹಾಡಿ ಕುಣಿಯುವ ‘ಬೇದಿಂಗ್ ಬ್ಯೂಟಿ’ಯನ್ನು ಮತ್ತೆ ನೋಡು. ಜನ ಚಪ್ಪಾಳೆ ತಟ್ಟುತ್ತಾರೆ, ಅವಳು ಮೆಚ್ಚಿಸಬೇಕೆಂದಿದ್ದ ಫ್ಯಾಂಟಮ್ ಮಾತ್ರ ಗಮನಿಸಿಯೇ ಇರುವುದಿಲ್ಲ. ಕೋನಿ ಐಲ್ಯಾಂಡಿನಲ್ಲಿ ಅವನು ನಡೆಸುವ ‘ಫ್ಯಾಂಟಾಸ್ಮಾ’ ಎಂಬ ಜಾತ್ರೆ ಉಳಿಯಲೆಂದು ಅವಳು ಏನೇನು ಮಾರಿಕೊಂಡಳು ಎಂಬುದೂ ಆಮೇಲೆ ತಿಳಿಯುತ್ತದೆ. ಕಾರಣಗಳನ್ನು ಬಿತ್ತಿದ್ದಾರೆ. ಕೆಟ್ಟಿರುವುದು ಕೊಯ್ಲು: ಹಡಗುಕಟ್ಟೆಯ ಕೊನೆಯ ದೃಶ್ಯದಲ್ಲಿ ಅವಳ ದುಃಖಕ್ಕೆ ಕಿವಿಗೊಡುವಷ್ಟರಲ್ಲಿ ಗುಂಡು ಹಾರಿ, ಕಥೆ ಕ್ರಿಸ್ಟೀನಳ ಸಾವಿನ ಕಡೆ ಓಡಿಬಿಡುತ್ತದೆ, ಮೆಗ್ ಅಲ್ಲೇ ಉಳಿದುಹೋಗುತ್ತಾಳೆ.

ಶೀರ್ಷಿಕೆಗೀತೆಯ ಬಗ್ಗೆ ‘ಹಳೆಯ ಮಟ್ಟನ್ನೇ ಮತ್ತೆ ಬಳಸಿದ್ದಾರೆ’ ಎಂದು ಬರೆದಿದ್ದೀಯ. ಅರ್ಧ ಸರಿ. ಅದೇ ಮಟ್ಟು ಬೇರೆ ಸಾಹಿತ್ಯದೊಂದಿಗೆ 2000ದ ‘ದಿ ಬ್ಯೂಟಿಫುಲ್ ಗೇಮ್’ನಲ್ಲಿ ಬಂದಿತ್ತು. ಅದಕ್ಕೂ ಮೊದಲು, 1998ರಲ್ಲಿ, ಲಾಯ್ಡ್ ವೆಬರ್ ಅವರ 50ನೇ ಹುಟ್ಟುಹಬ್ಬದ ಕಛೇರಿಯಲ್ಲಿ ಆಪೆರಾ ಗಾಯಕಿ ಕಿರಿ ಟೆ ಕನಾವಾ ಇದನ್ನು ‘ದಿ ಹಾರ್ಟ್ ಈಸ್ ಸ್ಲೋ ಟು ಲರ್ನ್’ ಎಂಬ ಹೆಸರಲ್ಲಿ ಹಾಡಿದ್ದರು. ಆಗ ಅದು ಫ್ಯಾಂಟಮ್‌ನ ಎರಡನೇ ಭಾಗಕ್ಕೆಂದೇ ಹುಟ್ಟಿದ ಮಟ್ಟು. ಅಂದರೆ ಬೇರೆ ಮನೆಯಲ್ಲಿ ಕೆಲಕಾಲ ಇದ್ದು ತವರಿಗೆ ಬಂದಿದೆ. ನೀನು ಕೇಳಬೇಕಾದ ಪ್ರಶ್ನೆ ಬೇರೆ. ಕ್ರಿಸ್ಟೀನ್ ಹಾಡಿದರೆ ಫ್ಯಾಂಟಮ್ ಗೆದ್ದ, ಹಾಡದೆ ಹೋದರೆ ರಾವುಲ್ ಗೆದ್ದ ಎಂದು ಗಂಡಸರಿಬ್ಬರೂ ಪಣ ಕಟ್ಟಿದ್ದಾರೆ. ಅಂಥ ಕ್ಷಣದಲ್ಲಿ ನಿಂತವಳ ಬಾಯಲ್ಲಿ ಬರುವ ಸಾಹಿತ್ಯ ಪ್ರೀತಿಯ ಬಗೆಗಿನ ಸಾಮಾನ್ಯ ಮಾತುಗಳು. ಅವಳ ತೊಳಲಾಟ ಪದಗಳಲ್ಲಿ ಎಲ್ಲೂ ಇಲ್ಲ. ಅದನ್ನು ತುಂಬುವುದು ನಟಿಯ ಮುಖ, ವಾದ್ಯವೃಂದ, ಎರಡು ಬದಿಗಳಲ್ಲಿ ಕಾಯುತ್ತ ನಿಂತ ಆ ಇಬ್ಬರು. ಮೆಲ್ಬೋರ್ನಿನ ವಿಡಿಯೊದಲ್ಲಿ ಆ್ಯನಾ ಓಬರ್ನ್ ಹಾಡುವುದನ್ನು ಒಮ್ಮೆ ಧ್ವನಿ ನಿಲ್ಲಿಸಿ ನೋಡು, ಒಮ್ಮೆ ಕಣ್ಣು ಮುಚ್ಚಿ ಕೇಳು. ಯಾವುದು ಯಾವ ಕೆಲಸ ಮಾಡುತ್ತಿದೆ ಎಂಬುದು ಆಗ ಬಿಡಿಸಿ ಕಾಣುತ್ತದೆ.

ನೀನು ಮುಟ್ಟದೇ ಬಿಟ್ಟ ಒಂದು ವಿಷಯ ಕೋನಿ ಐಲ್ಯಾಂಡ್. ಅದನ್ನು ಬರೀ ‘ಬಣ್ಣಬಣ್ಣದ ಸೆಟ್’ ಎಂದು ಕರೆದಿದ್ದೀಯ. 1903ರಲ್ಲಿ ಲೂನಾ ಪಾರ್ಕ್, 1904ರಲ್ಲಿ ಡ್ರೀಮ್‌ಲ್ಯಾಂಡ್ ಎಂಬ ಮೋಜಿನ ಉದ್ಯಾನಗಳು ತೆರೆದು, ವಿದ್ಯುದ್ದೀಪಗಳಿಂದ ರಾತ್ರಿಯನ್ನೇ ಹಗಲು ಮಾಡಿದ ನಿಜವಾದ ಜಾಗ ಅದು. ಡ್ರೀಮ್‌ಲ್ಯಾಂಡ್ 1911ರಲ್ಲಿ ಸುಟ್ಟುಹೋಯಿತು. ಕ್ರಿಸ್ಟೀನಳನ್ನು ನ್ಯೂಯಾರ್ಕಿಗೆ ಕರೆಸಿದವನೆಂದು ನಾಟಕ ಹೇಳುವ ಆಸ್ಕರ್ ಹ್ಯಾಮರ್‌ಸ್ಟೈನ್ ಕೂಡ ಇದ್ದವನೇ, ಅವನ ಮ್ಯಾನ್‌ಹಟನ್ ಆಪೆರಾ ಹೌಸ್ ತೆರೆದದ್ದು 1906ರ ಡಿಸೆಂಬರಿನಲ್ಲಿ. ಈ ವಿವರಗಳಿಗಿಂತ ಮುಖ್ಯವಾದದ್ದು ಮೊದಲ ನಾಟಕದಲ್ಲೇ ಇದೆ. ಫ್ಯಾಂಟಮ್‌ನ ಹಿಂದಿನ ಬದುಕನ್ನು ಮದಾಮ್ ಜಿರಿ ರಾವುಲ್‌ಗೆ ಹೇಳುವಾಗ, ಊರೂರು ತಿರುಗುವ ಜಾತ್ರೆಯೊಂದರಲ್ಲಿ ಅವನನ್ನು ಪಂಜರದಲ್ಲಿಟ್ಟು ತೋರಿಸುತ್ತಿದ್ದರು ಎನ್ನುತ್ತಾಳೆ. ಎರಡನೇ ಭಾಗದಲ್ಲಿ ಅದೇ ಮನುಷ್ಯ ಜಾತ್ರೆಗೇ ಯಜಮಾನ. ವಿಚಿತ್ರ ರೂಪದವರು ಅವನ ಕೈಕೆಳಗೆ ಕೆಲಸ ಮಾಡುತ್ತಾರೆ, ಟಿಕೆಟ್ಟಿನ ಹಣ ಅವನಿಗೆ ಸೇರುತ್ತದೆ. ನನ್ನ ಮಟ್ಟಿಗೆ ಇಡೀ ಸೀಕ್ವೆಲ್‌ನ ಅತ್ಯಂತ ದೊಡ್ಡ ಯೋಚನೆ ಇದು. ಪಂಜರದಲ್ಲಿದ್ದವನು ಪಂಜರಗಳ ಒಡೆಯನಾದ ಮೇಲೆ ಒಳಗಿನವರನ್ನು ಹೇಗೆ ನೋಡುತ್ತಾನೆ? ನಾಟಕ ಈ ಪ್ರಶ್ನೆಯ ಹತ್ತಿರ ಬಂದು, ಪ್ರೇಮಕಥೆಯ ಅವಸರದಲ್ಲಿ ಅದನ್ನು ಬಿಟ್ಟು ಹೋಗುತ್ತದೆ. ಇದನ್ನು ಬರೆದರೆ, ಇರುವುದನ್ನು ಬೈಯುವ ಅಭಿಮಾನಿಯಿಂದ ಇರಬಹುದಾಗಿದ್ದನ್ನು ಕಂಡ ಅಭಿಮಾನಿಯಾಗುತ್ತೀಯ.

ಇದು ಸೀಕ್ವೆಲ್ ಅಲ್ಲ, ತನ್ನಷ್ಟಕ್ಕೆ ನಿಲ್ಲುವ ಕೃತಿ ಎಂದು ಲಾಯ್ಡ್ ವೆಬರ್ ಹೇಳಿದ್ದುಂಟು. ಅದನ್ನು ಪರೀಕ್ಷಿಸಲು ಸುಲಭದ ದಾರಿಯಿದೆ. ಮೊದಲನೆಯದನ್ನು ನೋಡದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಏನನ್ನೂ ವಿವರಿಸದೆ ನೋಡು. ‘ಡಿಯರ್ ಓಲ್ಡ್ ಫ್ರೆಂಡ್’ನಲ್ಲಿ ನಾಲ್ವರು ನಯವಾಗಿ ಮಾತಾಡುತ್ತ ಒಳಗೊಳಗೇ ಹಲ್ಲು ಕಡಿಯುವುದು ನಿನಗೆ ರುಚಿಸುತ್ತದೆ, ಅವರಿಗೆ ಯಾರು ಯಾರ ಮೇಲೆ ಏಕೆ ಮುನಿದಿದ್ದಾರೆ ಎಂದೇ ತಿಳಿಯದು. ಗುಸ್ತಾವ್ ಪಿಯಾನೊ ನುಡಿಸಿದಾಗ ಫ್ಯಾಂಟಮ್ ಬೆಚ್ಚುವುದು, ‘ದಿ ಬ್ಯೂಟಿ ಅಂಡರ್‌ನೀತ್’ ಮುಗಿಯುವಾಗ ಮುಖವಾಡ ತೆಗೆದ ಕೂಡಲೇ ಹುಡುಗ ಕಿರುಚುವುದು, ಇವು ಇಬ್ಬರಿಗೂ ತಟ್ಟುತ್ತವೆ. ಯಾವುದು ಹಳೆಯ ಸಾಲದ ಮೇಲೆ ಬದುಕಿದೆ, ಯಾವುದು ಸ್ವಂತ ದುಡಿಮೆಯಲ್ಲಿ ನಿಂತಿದೆ ಎಂಬ ಪಟ್ಟಿ ನಿನಗೆ ಹೀಗೆ ಸಿಗುತ್ತದೆ.

ಬರೆಯುವಾಗಿನ ಕೆಲವು ಮಾತು. ಮೊದಲ ನೋಟದಲ್ಲಿ ಪೆನ್ನು ಮುಟ್ಟಬೇಡ. ಎರಡನೆಯದರಲ್ಲಿ ಮಟ್ಟು, ಸಾಹಿತ್ಯ, ಕಥೆ, ರಂಗಸಜ್ಜಿಕೆ ಎಂದು ನಾಲ್ಕು ಕಾಲಂ ಹಾಕಿ, ವಿಡಿಯೊದ ನಿಮಿಷ ಸಮೇತ ಗುರುತು ಮಾಡು. ನೂರು ಸಲ ಕೇಳಿದ ಹಾಡಿನ ಪಕ್ಕ ಒಂದು ಸಲ ಕೇಳಿದ್ದನ್ನು ಇಟ್ಟರೆ ಹೊಸದು ಸೋತೇ ಸೋಲುತ್ತದೆ. ಆದ್ದರಿಂದ ಮೂರು ವಾರ ಹೊಸ ಹಾಡುಗಳನ್ನೇ ಕೇಳಿ ಆಮೇಲೆ ತೀರ್ಮಾನಿಸು. 2025ರ ಮಾರ್ಚಿನಲ್ಲಿ ಫ್ಯಾಂಟಮ್ ಮುಂಬೈಗೆ ಬಂದಾಗ ನಮ್ಮವರು ಕೆಲವರು ನೋಡಿರಬಹುದು, ಉಳಿದವರಿಗಾಗಿ ಮೊದಲ ಕಥೆಯನ್ನು 150 ಪದ ಮೀರದಂತೆ ಹೇಳು. ಹಾಡಿನ ಹೆಸರನ್ನು ಅನುವಾದಿಸದೆ ಕನ್ನಡ ಲಿಪಿಯಲ್ಲಿಟ್ಟು, ಅದು ಯಾವ ಸಂದರ್ಭದಲ್ಲಿ ಬರುತ್ತದೆ ಎಂದು ಹೇಳಿದರೆ ಸಾಕು. ಲಂಡನ್ನಿನಲ್ಲಿ ಇದಕ್ಕಿಟ್ಟ ‘ಪೇಂಟ್ ನೆವರ್ ಡ್ರೈಸ್’ (ಬಣ್ಣ ಒಣಗುವುದೇ ಇಲ್ಲ) ಎಂಬ ಗೇಲಿಯ ಅಡ್ಡಹೆಸರನ್ನು ಶೀರ್ಷಿಕೆಗೆ ತಂದಿದ್ದೀಯ, ತೆಗೆ. ಅದು ಬೇರೆಯವರ ನಗು, ನಿನಗೆ ಈ ನಾಟಕದ ಬಗ್ಗೆ ನಗು ಬಂದದ್ದೇ ಇಲ್ಲ. ಲಾಯ್ಡ್ ವೆಬರ್ ಅವರ ಬೆಕ್ಕು ಡಿಜಿಟಲ್ ಪಿಯಾನೊ ಹತ್ತಿ ಸ್ವರಲಿಪಿ ಅಳಿಸಿಹಾಕಿದ ಪ್ರಸಂಗವನ್ನೂ ಬಿಡು, ಅದರಿಂದ ಯಾವ ದೃಶ್ಯವೂ ಹೆಚ್ಚು ಅರ್ಥವಾಗುವುದಿಲ್ಲ. ಬ್ರಾಡ್‌ವೇನಲ್ಲಿ ಮೊದಲನೆಯದು 2023ರ ಏಪ್ರಿಲ್ 16ರವರೆಗೆ 13,981 ಪ್ರದರ್ಶನ ಕಂಡಿತು, ಎರಡನೆಯದು ಲಂಡನ್ನಿನಲ್ಲಿ ಒಂದೂವರೆ ವರ್ಷಕ್ಕೆ ಮುಗಿಯಿತು ಎಂಬ ಹೋಲಿಕೆ ನಿನ್ನ ವಾದಕ್ಕೆ ಬೇಡ. ಓಡಿದ ದಿನಗಳ ಲೆಕ್ಕದಿಂದ ಒಂದು ಹಾಡು ಏಕೆ ಸೋತಿತು ಎಂದು ಹೇಳಲಾಗದು.

ನಿನ್ನ ಕೊನೆಯ ಪ್ಯಾರಾವನ್ನು ಪೂರ್ತಿ ಹೊಡೆದುಹಾಕಿದ್ದೇನೆ. ಅದರ ಹಿಂದಿನದರಲ್ಲಿ ಕ್ರಿಸ್ಟೀನ್ ಸತ್ತ ಮೇಲೆ ಗುಸ್ತಾವ್ ಹಡಗುಕಟ್ಟೆಗೆ ಮರಳಿ ಬರುವುದನ್ನು ಬರೆದಿದ್ದೀಯ. ಅದನ್ನೇ ಬೆಳೆಸು. ಹೃದಯದಿಂದ ನೋಡು ಎಂದು ತಾಯಿ ಮೊದಲ ಅಂಕದಲ್ಲಿ ಕಲಿಸಿದ ಹಾಡು ಯಾವುದು, ಅದೇ ಹುಡುಗ ಆಗ ಏಕೆ ಕಿರುಚಿದ್ದ, ಈಗ ಕೈ ಚಾಚಿ ಫ್ಯಾಂಟಮ್‌ನ ಮುಖವಾಡ ತೆಗೆಯುವಾಗ ವಾದ್ಯಗಳು ಏನು ನುಡಿಸುತ್ತವೆ, ಎಲ್ಲವನ್ನೂ ಕಂಡಷ್ಟೇ ಬರೆದು ಅಲ್ಲಿಗೇ ನಿಲ್ಲಿಸು. ಹದಿನೈದು ದಿನದಲ್ಲಿ ಹೊಸ ಕರಡು ಕಳಿಸು, ನಾಲ್ಕು ಕಾಲಮ್ಮಿನ ಹಾಳೆಯೂ ಜೊತೆಗಿರಲಿ.

ಪ್ರೀತಿಯಿಂದ,
ನಿನ್ನ ಅಕ್ಕ