ರಸೆಲ್ ಬಗ್ಗೆ ಬರೆಯುತ್ತಿರುವ ತಮ್ಮನಿಗೆ

ಪ್ರೀತಿಯ ತಮ್ಮಾ,

ಅಮೆರಿಕದ ಪಶ್ಚಿಮ ಸೀಮೆಯ ಬದುಕನ್ನು ಚಿತ್ರಿಸಿದ ಚಾರ್ಲ್ಸ್ ರಸೆಲ್ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ‘ಮಹಾನ್ ಕಲಾವಿದ’ ಅನ್ನೋದು ಮೊದಲ ಪುಟದಲ್ಲೇ ಮತ್ತೆ ಮತ್ತೆ ಬರುತ್ತದೆ. ಆತನ ಒಂದು ಚಿತ್ರ ನೋಡೋಕೆ ಹೇಗಿದೆ ಅಂತ ಮಾತ್ರ ಎಲ್ಲೂ ಇಲ್ಲ. ಓದುವವರು ನಿನ್ನ ಮಾತನ್ನು ಸುಮ್ನೆ ಯಾಕೆ ನಂಬಬೇಕು?

‘ಬಡ ದನಗಾಹಿ ಹುಡುಗ’ ಅಂತ ಬರೆದಿದ್ದೀಯಲ್ಲ, ಅದನ್ನು ತೆಗೆ. 1864ರಲ್ಲಿ ಸೇಂಟ್ ಲೂಯಿಸ್‌ನ ಅನುಕೂಲಸ್ಥ ಮನೆಯಲ್ಲಿ ಹುಟ್ಟಿದವನು ಆತ. 16ನೇ ವಯಸ್ಸಿಗೆ ಅಮೆರಿಕದ ವಾಯವ್ಯದ ಮೊಂಟಾನಾಗೆ ಬಂದ. ಮುಂದೆ ರಾತ್ರಿ ಪಾಳಿಯಲ್ಲಿ ದನ ಕಾಯುವ ಕೆಲಸ ಹಿಡಿದ. ಹಗಲೆಲ್ಲ ಚಿತ್ರ ಬರೆಯೋಕೆ ಬಿಡುವು! ನಿನ್ನ ಬಡತನದ ಕಥೆಗಿಂತ ಇದೇ ಸ್ವಾರಸ್ಯ, ಅಲ್ವಾ?

ನಾನಾಗಿದ್ದರೆ 1886-87ರ ಚಳಿಗಾಲದಿಂದ ಶುರು ಮಾಡುತ್ತಿದ್ದೆ. ಹಿಮದಡಿ ಹುಲ್ಲು ಹೂತುಹೋಗಿ ಸಾವಿರಾರು ದನಗಳು ಸತ್ತವು. ಮೊಂಟಾನಾದ ಜೂಡಿತ್ ಬೇಸಿನ್‌ನಲ್ಲಿ ರಸೆಲ್ ಇದ್ದ ಕಡೆಗೆ ದನಗಳ ಮಾಲೀಕನ ಕಾಗದ ಬಂತು: ದನ ಹೇಗಿವೆ? ಮೇಸ್ತ್ರಿ ಉತ್ತರ ಬರೆಯಬೇಕು. ರಸೆಲ್ ಪೋಸ್ಟ್‌ಕಾರ್ಡಿನಷ್ಟು ಕಾಗದದ ಮೇಲೆ ಜಲವರ್ಣದಲ್ಲಿ ಒಂದು ಹಸು ಬರೆದ. ಬೆನ್ನು ಬಾಗಿದೆ, ಪಕ್ಕೆಲುಬು ಎದ್ದು ಕಾಣುತ್ತಿವೆ, ತೋಳಗಳು ಹೊಂಚು ಹಾಕಿವೆ. ಉತ್ತರವಾಗಿ ಹೋಗಿದ್ದು ಅದೇ ಚಿತ್ರ. ಹಿಮ ಕರಗಿಸುವ ಬೆಚ್ಚನೆ ಗಾಳಿಗೆ ಅಲ್ಲಿ ಚಿನೂಕ್ ಅನ್ನುತ್ತಾರೆ. ‘ಚಿನೂಕ್‌ಗಾಗಿ ಕಾಯುತ್ತಾ’ ಅನ್ನೋದೇ ಆ ಚಿತ್ರದ ಹೆಸರು. ಆತನ ಹೆಸರು ಹರಡಿದ್ದು ಇದರಿಂದಲೇ. ಈ ಹಸುವಿಗೆ ಒಂದು ಇಡೀ ಪುಟ ಕೊಡು.

ಶಿಲ್ಪದ ಭಾಗದಲ್ಲಿ ಬರೀ ಕಂಚಿನ ಪ್ರತಿಮೆಗಳ ಪಟ್ಟಿ ಇದೆ. ಹರಟೆ ಹೊಡೆಯುತ್ತಲೇ ಕೈಯಲ್ಲಿನ ಮೇಣ ಹಿಸುಕಿ ಕುದುರೆ, ಕರಡಿ ಮಾಡುತ್ತಿದ್ದನಲ್ಲ, ಆ ಬೆರಳುಗಳ ಬಗ್ಗೆ ಬರೆ.

ಹೆಂಡತಿ ನ್ಯಾನ್ಸಿಗೆ ಒಂದೇ ಸಾಲು ಸಾಲದು. 1896ರಲ್ಲಿ ಮದುವೆಯಾದ ಮೇಲೆ ವ್ಯವಹಾರವೆಲ್ಲ ಆಕೆಯದೇ. ಆತ ಅಗ್ಗಕ್ಕೆ ಕೊಡುತ್ತಿದ್ದ ಚಿತ್ರಗಳಿಗೆ ಆಕೆ ಗಟ್ಟಿಯಾಗಿ ಬೆಲೆ ಕೇಳಿದಳು. ಆಕೆ ಇಲ್ಲದಿದ್ದರೆ ಆ ಹೆಸರು ಮೊಂಟಾನಾ ದಾಟುತ್ತಿತ್ತೋ ಇಲ್ಲವೋ, ನನಗೆ ಅನುಮಾನ.

ಹಳೆಯ ಕಾಲದ ಹಂಬಲ ಆತನಲ್ಲಿ ಸ್ವಲ್ಪ ಜಾಸ್ತಿ, ಅದನ್ನೂ ಮುಚ್ಚಿಡಬೇಡ. ಹಾಗಂತ ಕುರುಡು ಹಂಬಲವೂ ಅಲ್ಲ. ಮೊಂಟಾನಾದ ರಾಜಧಾನಿ ಹೆಲೆನಾದ ರಾಜ್ಯ ಶಾಸನಭವನದಲ್ಲಿ 1912ರ ದೊಡ್ಡ ಚಿತ್ರವಿದೆ. ಪಶ್ಚಿಮ ಸೀಮೆಯನ್ನು ಅನ್ವೇಷಿಸಲು ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡ ಅಲ್ಲಿನ ಮೂಲನಿವಾಸಿಗಳಾದ ಫ್ಲಾಟ್‌ಹೆಡ್ ಜನರನ್ನು ಕಂಡ ಸಂದರ್ಭ ಅದು. ಮುಂದೆ ಕುದುರೆ ಓಡಿಸಿಕೊಂಡು ಬರುವವರು ಫ್ಲಾಟ್‌ಹೆಡ್ ಜನ. ಹೆಸರಾಂತ ಬಿಳಿಯರು ಬಲಗಡೆ ಹಿಂದೆಲ್ಲೋ ಸಣ್ಣಗೆ ನಿಂತಿದ್ದಾರೆ. ನಿನ್ನ ಲೇಖನದಲ್ಲಿ ಈ ಚಿತ್ರದ ಅಳತೆ ಇದೆ, ಇದು ಇಲ್ಲ.

ಇಷ್ಟು ತಿದ್ದಿ ಮತ್ತೆ ಕಳಿಸು. ಹುಟ್ಟಿದ, ಸತ್ತ ವರ್ಷಗಳನ್ನು ಕೊನೆಗೆ ಸೇರಿಸಿದರೂ ನಡೆಯುತ್ತದೆ.

ನಿನ್ನ
ಅಣ್ಣ